ಮೂವತ್ತೆರಡನೆಯ ಮೆಟ್ಟಿಲು

ನನ್ನ ಡೈರಿಗೆ ಬೀಗ ಬೇಕಾಗಿಲ್ಲ. ಅದು ನಮ್ಮ ಪಡಸಾಲೆಯ ಮೇಜಿನ ಮೇಲೆ, ಅಪ್ಪ ಅಂಗಡಿಯಿಂದ ತಂದಿಟ್ಟ ಬೀಜದ ಪಾಕೀಟುಗಳ ಪಕ್ಕದಲ್ಲೇ ಬಿದ್ದಿರುತ್ತದೆ. ಇಚಲಕರಂಜಿಯ ನಮ್ಮ ಮನೆಯಲ್ಲಿ ಎಲ್ಲರೂ ಮಾತಾಡುವುದು ಕನ್ನಡ, ಓದುವುದು ಮರಾಠಿ. ಅವ್ವ ಮುರಗೂಡದ ಮರಾಠಿ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿದವಳು. ಅಪ್ಪ ಅಂಗಡಿಯ ಕೀಟನಾಶಕದ ಬಾಟಲಿಗಳ ಮೇಲಿನ ಕನ್ನಡ ಚೀಟಿಯನ್ನು ನನ್ನಿಂದ ಓದಿಸಿಕೊಳ್ಳುತ್ತಾನೆ. ನಾನೊಬ್ಬಳೇ ಗಡಹಿಂಗ್ಲಜದ ಅಜ್ಜನ ಮನೆಯಲ್ಲಿದ್ದು ಕನ್ನಡ ಶಾಲೆಗೆ ಹೋದವಳು. ಹಾಗಾಗಿ ನಾನು ಏನು ಬರೆದರೂ ಅದು ತೆರೆದೇ ಇರುತ್ತದೆ, ಮುಚ್ಚಿಯೇ ಇರುತ್ತದೆ.

ಮೂರು ವರ್ಷದ ಹಿಂದಿನ ಡೈರಿಯಲ್ಲಿ ಒಂದು ಪುಟವಿದೆ. ಅದರಲ್ಲಿ ಆರು ಸಾಲು.

ಪೂರ್ವಕ್ಕೆ ಸೊಲ್ಲಾಪುರ. ಪಶ್ಚಿಮಕ್ಕೆ ಸಮುದ್ರದ ದಂಡೆ. ಉತ್ತರಕ್ಕೆ ನಾಸಿಕ. ದಕ್ಷಿಣಕ್ಕೆ ಬೆಳಗಾವಿ. ಮೇಲಕ್ಕೆ ಪನ್ಹಾಳಾ ಗಡ. ಕೆಳಕ್ಕೆ ಅಜ್ಜನ ಹೊಲದ ಬಾವಿ, ಮೂವತ್ತೆರಡು ಮೆಟ್ಟಿಲು.

ಆ ವರ್ಷ ಅವ್ವನ ಎದೆಯಲ್ಲಿ ಗಂಟು ಸಿಕ್ಕಿತ್ತು. ಕೊಲ್ಹಾಪುರದಲ್ಲಿ ಆಪರೇಷನ್ ಆಗಿ, ಕೀಮೋದ ಒಂದೊಂದೇ ಸಲಾಯಿನ್ ಏರಿಸುತ್ತ ಅವಳ ಕೂದಲು ಹೋಗಿ, ಹುಬ್ಬೂ ಹೋಗಿ, ಕೊನೆಗೆ ಅವಳ ಮುಖದಲ್ಲಿ ಅವಳ ಮೂಗುಬೊಟ್ಟೊಂದೇ ಗುರುತಿಗೆ ಉಳಿದಿತ್ತು. ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೆ, ಭೂಗೋಳ ವಿಷಯ. ಬೆಳಗ್ಗೆ ನಮ್ಮ ಓಣಿಯ ಮಗ್ಗದ ಶೆಡ್ಡಿಗೆ ಹೋಗುವ ಮುನ್ನ ದುರ್ಗವ್ವ ಮಾವಶಿ ಬಂದು ನಮ್ಮ ಮನೆಯ ಪಾತ್ರೆ ತೊಳೆದುಕೊಡುತ್ತಿದ್ದಳು, ಯಾರೂ ಕರೆಯದಿದ್ದರೂ. ಒಂದು ದಿನ ಬಚ್ಚಲಲ್ಲಿ ನಾನು ಅಳುತ್ತಿದ್ದುದನ್ನು ಅವಳು ಕೇಳಿಸಿಕೊಂಡಳು.

"ಎವ್ವಾ ಮನಾಲಿ, ಬರೇ ಅತ್ತರ ಏನ ಬಂತು? ಏನರ ಬಿಡು" ಎಂದಳು. "ನಿನ್ನ ಜೀವ ಎದರಾಗ ಸಿಕ್ಕೊಂಡೈತಿ, ಅದನ್ನ ಬಿಡು. ನಾ ನಮ್ಮ ಅಪ್ಪು ಜ್ವರಾ ಬಂದು ಮಕ್ಕೊಂಡಾಗ ಚಹಾ ಬಿಟ್ಟೆ. ಮಗ್ಗದಾಗ ದುಡಿಯೋ ಹೆಂಗಸು ಚಹಾ ಬಿಡೂದಂದ್ರ ಉಸರ ಬಿಟ್ಟಂಗ. ಹುಡುಗ ಎದ್ದು ಕುಂತಾ, ನೋಡ."

"ಆಮ್ಯಾಲ ಕುಡೀಬಹುದೇನು?"

"ಹುಚ್ಚಿ! ಕುಡದರ ಕೊಟ್ಟಿದ್ದು ವಾಪಸ್ ಇಸಗೊಂಡಂಗ ಆಗ್ಲಿಲ್ಲೇನು? ಮತ್ತ ಇನ್ನೊಂದು ಹೇಳ್ತೇನಿ. ಯಾರ ಮುಂದೂ ಬಾಯಿ ಬಿಡಬ್ಯಾಡ. ಹೇಳಿದಿ ಅಂದ್ರ ಅಲ್ಲಿಗೆ ಮುಗೀತು."

ನನ್ನ ಜೀವ ಎಲ್ಲಿ ಸಿಕ್ಕಿಕೊಂಡಿದೆ ಎಂದು ಯೋಚಿಸಲು ನನಗೆ ಹೊತ್ತು ಬೇಕಾಗಲಿಲ್ಲ. ನಾಲ್ಕು ಜನರ ನಡುವೆ ಬಾಯಿ ತೆರೆಯದ ನಾನು ಒಬ್ಬಳೇ ಇದ್ದಾಗ ಅಟ್ಲಾಸ್ ತೆರೆಯುತ್ತಿದ್ದೆ. ಪೇಪರಿನಲ್ಲಿ ಬಂದ ಪರದೇಶದ ಚಿತ್ರಗಳನ್ನು ಕತ್ತರಿಸಿ ಅಂಟಿಸಿದ ಮೂರು ದಪ್ಪ ವಹಿಗಳಿದ್ದವು. ಹಿಮದ ಗುಡ್ಡ, ಬಿಳಿ ಉಸುಕಿನ ದಂಡೆ, ಟ್ರಾಮು ಓಡುವ ಪೇಟೆ. ಒಂದಲ್ಲ ಒಂದು ದಿನ ಹೋಗುತ್ತೇನೆ ಎನ್ನುವುದೊಂದೇ ನನ್ನ ಸ್ವಂತದ್ದು.

ಆಗ ಚಾತುರ್ಮಾಸ. ಗಡಹಿಂಗ್ಲಜದ ಬಸದಿಯಲ್ಲಿ ಜೈನ ಮುನಿ ಮಹಾರಾಜರು ಇಳಿದಿದ್ದರು. ಪ್ರವಚನ ಮುಗಿದ ಮೇಲೆ ಜನ ಸಾಲಾಗಿ ಹೋಗಿ ನಿಯಮ ತಗೊಳ್ಳುತ್ತಿದ್ದರು: ಕೆಲವರು ಬದನೆಕಾಯಿ ಬಿಟ್ಟರು, ಕೆಲವರು ಟಿವಿ. ನಾನು ದಿಗ್ವ್ರತ ಕೇಳಿದೆ. ಯಾವ ದಿಕ್ಕಿಗೆ ಎಷ್ಟು ದೂರ ಹೋಗುವುದು ಎಂದು ಗೆರೆ ಹಾಕಿಕೊಂಡು, ಅದನ್ನು ದಾಟದೆ ಇರುವ ವ್ರತ. ಮುದುಕರು ತಗೊಳ್ಳುವಂಥದ್ದು. ನಾನು ಹೇಳಿದ ಗೆರೆಗಳನ್ನು ಕೇಳಿ ಮಹಾರಾಜರು ಕತ್ತೆತ್ತಿ ನೋಡಿದರು.

"ದಕ್ಷಿಣಕ್ಕ ಬೆಳಗಾವಿ ಅಂದ್ರ, ಶ್ರವಣಬೆಳಗೊಳನೂ ಬ್ಯಾಡೇನು ಬಾಳಾ?"

ನಾನು ಬೇಡ ಎಂದು ತಲೆ ಅಲ್ಲಾಡಿಸಿದೆ. ಹಿಂದೆ ಸಾಲು ನಿಂತವರು ನೋಡುತ್ತಿದ್ದರು. ನನ್ನ ಕಿವಿ ಸುಡುತ್ತಿತ್ತು.

"ಈ ವಯಸ್ಸಿನಾಗ ಜನ್ಮಪೂರ್ತಿ ಬ್ಯಾಡ. ಒಂದು ವರ್ಷಕ್ಕ ತಗೋ. ಪಾಲಸಾಕ ಆದ್ರ ಮುಂದ ನೋಡೂಣು" ಎಂದು ಅವರು ನವಿಲುಗರಿಯ ಪಿಂಛಿಯೆತ್ತಿ ಆಶೀರ್ವಾದ ಮಾಡಿದರು.

ನಾನು ಹೂಂ ಎಂದೆ; ಯಾತಕ್ಕಾಗಿ ಎಂದು ಅವರಿಗೂ ಹೇಳಲಿಲ್ಲ. ಮನೆಗೆ ಬಂದು ಡೈರಿಯಲ್ಲಿ ಆರು ಸಾಲು ಬರೆದು ಕೆಳಗೆ ಬರೆದೆ: ಅವ್ವ ಇರುವವರೆಗೆ. ಆಮೇಲೆ ಆ 'ಇರುವವರೆಗೆ' ನೋಡಿ ಹೆದರಿಕೆಯಾಗಿ, ಹೊಡೆದು ಹಾಕಿ, 'ಅವ್ವ ಇರಲಿ ಎಂದು' ಅಂತ ತಿದ್ದಿದೆ.

ಅವ್ವ ಉಳಿದಳು. ಕೂದಲು ಮೊದಲಿಗಿಂತ ಗುಂಗುರಾಗಿ ಬಂತು. ಆರು ತಿಂಗಳಿಗೊಮ್ಮೆ ಸ್ಕ್ಯಾನು, ಪ್ರತಿ ಸಲವೂ ಸ್ವಚ್ಛ. ನಾನು ನನ್ನ ಪಾಲು ಬಿಟ್ಟುಕೊಡುತ್ತಲೇ ಇದ್ದೆ. ಹೈದರಾಬಾದಿನ ನಕ್ಷೆ ಮಾಡುವ ಕಂಪನಿಯಿಂದ ನೌಕರಿಯ ಪತ್ರ ಬಂದಾಗ, ಅದು ಸೊಲ್ಲಾಪುರದ ಆಚೆ ಎಂದು ಹೇಳಲಾಗದೆ, "ನನಗ ಹೆದರಿಕಿ ಆಗ್ತದ" ಎಂದೆ. ಅವ್ವ ಬಂದವರ ಮುಂದೆಲ್ಲ, "ನಮ್ಮ ಹುಡುಗಿ ಭಾಳ ಸಂಕೋಚದ್ದು, ಪೇಟಿಗೆ ಹೋಗೂದಂದ್ರೂ ನನ್ನ ಸೆರಗ ಬೇಕು" ಎಂದು ನಗುತ್ತಿದ್ದಳು. ನಗು ಮುಗಿದ ಮೇಲೆ ನನ್ನನ್ನು ಒಂದು ಕ್ಷಣ ಹೆಚ್ಚು ಹೊತ್ತು ನೋಡುತ್ತಿದ್ದಳು.

ಈ ವರ್ಷ ಏಪ್ರಿಲ್ ತಿಂಗಳಲ್ಲಿ ಅಪ್ಪನಿಗೆ ಟೂರು ಬಂತು. ಕೀಟನಾಶಕದ ಕಂಪನಿಯವರು ಹೆಚ್ಚು ಮಾಲು ಮಾರಿದ ಅಂಗಡಿಕಾರರನ್ನು ವಿಯೆಟ್ನಾಂ ದೇಶದ ದಾ ನಾಂಗ್ ಎಂಬ ಊರಿಗೆ ಕರೆದೊಯ್ಯುವವರಿದ್ದರು. ಒಬ್ಬೊಬ್ಬರಿಗೆ ಎರಡು ಸೀಟು. ಒಂದು ಅಪ್ಪನದು, ಇನ್ನೊಂದು ಅವ್ವನದು ಎಂದು ನಾನು ನಿಶ್ಚಿಂತಳಾಗಿದ್ದೆ.

"ನಾ ಯಾಕ ಹೋಗ್ಲಿ? ನನ್ನ ಸ್ಕ್ಯಾನಿನ ತಾರೀಖು ಅದ ವಾರದಾಗ ಐತಿ" ಎಂದಳು ಅವ್ವ. "ಮನೂ ಹೋಗ್ತಾಳ."

"ನಾನು ಒಲ್ಲೆ. ಸ್ಕ್ಯಾನಿಗೆ ನಿನ್ನ ಸಂಗಾಟ ಬರ್ತೇನಿ."

"ಬಂದು ಏನ ಮಾಡ್ತಿ? ಆ ಮಷೀನಿನಾಗ ನನ್ನ ಬಾಜೂಕ ಮಕ್ಕೋತಿಯೇನು? ಗಡಹಿಂಗ್ಲಜದಿಂದ ನಿಮ್ಮ ಮಾಮಾ ಬರ್ತಾನ ನನ್ನ ಕರಕೊಂಡು ಹೋಗಾಕ."

ನಾನು ಹೊಟ್ಟೆನೋವು ಎಂದೆ. ಅಜವಾನದ ಕಷಾಯ ಬಂತು. ಇಂಟರವ್ಯೂ ಇದೆ ಎಂದೆ. ಯಾವ ಊರಲ್ಲಿ ಎಂದಾಗ ಹೇಳಲು ಊರು ಸಿಗಲಿಲ್ಲ. ಕೊನೆಗೆ ಪಾಸ್‌ಪೋರ್ಟನ್ನು ಜೋಳದ ಡಬ್ಬಿಯ ತಳದಲ್ಲಿ ಹೂತಿಟ್ಟೆ. ಎರಡು ದಿನ ಮನೆಯೆಲ್ಲ ಹುಡುಕಾಟ. ಮೂರನೆಯ ದಿನ ಅವ್ವ ಜೋಳ ಹಸನು ಮಾಡಲು ಕೂತಳು.

"ಮನೂ," ಎಂದು ಅಡುಗೆಮನೆಯಿಂದ ಕೂಗಿದಳು, "ಪಾಸಪೋರ್ಟಿಗೆ ನುಸಿ ಹತ್ತಬಾರದಂತ ಜ್ವಾಳದಾಗ ಇಟ್ಟಿದ್ಯೇನು?"

ಅವಳು ನಗಲಿಲ್ಲ. ಪಾಸ್‌ಪೋರ್ಟನ್ನು ಸೆರಗಿನಿಂದ ಒರೆಸಿ, ನನ್ನ ಹಳೆಯ ಮೂರು ವಹಿಗಳನ್ನು ಕಪಾಟಿನಿಂದ ತೆಗೆದು ನನ್ನ ಮುಂದಿಟ್ಟಳು. ನಾನು ರದ್ದಿಗೆ ಹಾಕಿದ್ದೆ, ಅವಳು ಎತ್ತಿಟ್ಟುಕೊಂಡಿದ್ದಳು.

"ನನಗ ಆರಾಮಿಲ್ಲದಾಗಿಂದ ನೀ ಇವನ್ನ ಮುಟ್ಟಿಲ್ಲ. ನನ್ನ ಬ್ಯಾನಿ ನಿನ್ನ ಜೀವದಾಗಿನ ಆಸಿ, ಹೌಸಿ ಎಲ್ಲಾ ತಿಂದು ಹಾಕೇತಿ ಅಂತ ನನಗ ಗೊತ್ತಿಲ್ಲೇನು? ಹೋಗು. ನೋಡಿ ಬಂದು ನನಗ ಎಲ್ಲಾ ಹೇಳು. ನಿನ್ನ ಕಣ್ಣೀಲೆ ನಾನೂ ನೋಡ್ತೇನಿ."

ಹೇಳಿದರೆ ಮುಗೀತು ಎಂದಿದ್ದಳು ದುರ್ಗವ್ವ ಮಾವಶಿ. ಹೋದರೂ ಮುಗೀತು. ಆ ರಾತ್ರಿ ನಕ್ಷೆಯ ಮೇಲೆ ದಾರ ಹಿಡಿದು ನೋಡಿದೆ. ದಾ ನಾಂಗ್ ನಮ್ಮೂರಿನಿಂದ ಹೆಚ್ಚು ಕಡಿಮೆ ನೆಟ್ಟಗೆ ಪೂರ್ವಕ್ಕಿತ್ತು. ಬೆಳಗಾವಿಗಿಂತ ದಕ್ಷಿಣಕ್ಕಿಲ್ಲ, ನಾಸಿಕಕ್ಕಿಂತ ಉತ್ತರಕ್ಕಿಲ್ಲ. ಹೋದರೆ ಮುರಿಯುವುದು ಎರಡೇ ಗೆರೆ, ಪೂರ್ವ ಮತ್ತು ಮೇಲೆ. ನಾಲ್ಕು ಉಳಿಯುತ್ತವೆ. ಆರರಲ್ಲಿ ನಾಲ್ಕು ಉಳಿಸಿಕೊಂಡವಳಿಗೆ ಪೂರ್ತಿ ಅಲ್ಲದಿದ್ದರೂ ಸ್ವಲ್ಪವಾದರೂ ಕರುಣೆ ಸಿಗಬಹುದು. ಹೀಗೆ ಯೋಚಿಸುವಾಗ ನಾನು ಯಾರೊಡನೆ ಚೌಕಾಸಿ ಮಾಡುತ್ತಿದ್ದೇನೆ ಎಂದು ನನಗೇ ತಿಳಿಯಲಿಲ್ಲ. ನಮ್ಮ ಧರ್ಮದಲ್ಲಿ ಹಾಗೆ ಚೌಕಾಸಿಗೆ ಕೂಡುವ ದೇವರೂ ಇಲ್ಲ.

ಮುಂಬೈಯಲ್ಲಿ ವಿಮಾನ ಏರಿದಾಗ ಎಲ್ಲರೂ ಕಿಟಕಿಗೆ ಮುಖ ಹಚ್ಚಿದರು. ನಾನು ಕೈಗಡಿಯಾರ ನೋಡುತ್ತಿದ್ದೆ. ಪನ್ಹಾಳಾದ ಎತ್ತರ ದಾಟಲು ಎರಡು ಮೂರು ನಿಮಿಷವೂ ಬೇಕಾಗಲಿಲ್ಲ. ಸೊಲ್ಲಾಪುರದ ಗೆರೆ ದಾಟಲು ಅರ್ಧ ಗಂಟೆ. ಆ ಅರ್ಧ ಗಂಟೆ ಮುಗಿಯುವ ಹೊತ್ತಿಗೆ ಗಗನಸಖಿ ನೀರಿನ ಬಾಟಲಿ ಕೊಡಲು ಬಂದಳು, ನನ್ನ ಮುಖ ನೋಡಿ ಚೀಲವನ್ನೂ ಕೊಟ್ಟಳು. ವಾಂತಿಯಾಯಿತು.

"ಮೊದಲನೇ ಸರ್ತಿ ಹಂಗ ಆಗ್ತದ" ಎಂದ ಅಪ್ಪ, ನನ್ನ ಬೆನ್ನು ಸವರುತ್ತ. ಅವನಿಗೂ ಅದು ಮೊದಲನೆಯದೇ.

ನಮ್ಮ ಗುಂಪಿನಲ್ಲಿ ಇಪ್ಪತ್ತೆರಡು ಜನ. ಕರೆದೊಯ್ಯುವವನು ಕೊಲ್ಹಾಪುರದ ಅವಧೂತ ಎಂಬ ಹುಡುಗ, ಹಳದಿ ಛತ್ರಿ ಎತ್ತಿ ಹಿಡಿದು "ಚಲಾ, ಚಲಾ ಮಂಡಳಿ" ಎನ್ನುತ್ತ ಮುಂದೆ ನಡೆಯುತ್ತಿದ್ದ. ಅಪ್ಪನ ಜೋಡಿ ಅಕಿವಾಟದ ಪಾರೀಸ ಕಾಕಾ. ಅವರದೂ ಬೀಜದ ಅಂಗಡಿ. ದಾ ನಾಂಗ್‌ನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ತಾಸು ಮುಂದೆ. ಅಲ್ಲಿ ಆರಕ್ಕೆಲ್ಲ ಹೊತ್ತು ಮುಳುಗುತ್ತಿತ್ತು. ನಾವು ಜೈನರು ಅಷ್ಟರೊಳಗೆ ಊಟ ಮುಗಿಸಬೇಕು. ಮೊದಲ ಸಂಜೆ ಊಟದ ಮನೆ ತಲುಪುವಾಗಲೇ ಕತ್ತಲು. ಎಲ್ಲರೂ ಬರೀ ಕಾಸಿದ ನೀರು ಕುಡಿದು ಕೂತರು. ಪಾರೀಸ ಕಾಕಾ ಮಾತ್ರ ಚೀಲದಿಂದ ದಶಮಿ ರೊಟ್ಟಿ, ಶೇಂಗಾ ಚಟ್ನಿ ತೆಗೆದು ಉಣ್ಣತೊಡಗಿದರು.

"ಪಾರೀಸ, ಹೊತ್ತು ಮುಳುಗೇತಲೋ" ಎಂದ ಅಪ್ಪ.

"ಯಾರ ಊರಾಗ?" ಕಾಕಾ ಕೈಗಡಿಯಾರ ತೋರಿಸಿದರು. ಅವರು ಅದನ್ನು ಬದಲಿಸಿರಲಿಲ್ಲ. "ನಾ ನಿಯಮಾ ತಗೊಂಡಿದ್ದು ಅಕಿವಾಟದ ಬಸದ್ಯಾಗ. ಅಕಿವಾಟದಾಗ ಈಗ ಐದೂ ಹೊಡದಿಲ್ಲ. ನಮ್ಮ ಎಮ್ಮಿ ಇನ್ನೂ ಬಿಸಲಾಗ ನಿಂತಾವು."

ಇಡೀ ಮೇಜು ನಕ್ಕಿತು. ನಾನು ನಗಲಿಲ್ಲ. ನಿಯಮವನ್ನು ಹೀಗೆ ಜೇಬಿನಲ್ಲಿಟ್ಟುಕೊಂಡು ತಿರುಗುವವರೂ ಇದ್ದಾರೆ ಎಂದು ನೋಡಿ ನನಗೆ ಹೊಟ್ಟೆಕಿಚ್ಚಾಯಿತು.

ಪೇಟೆಯ ಬಗ್ಗೆ ಡೈರಿಯಲ್ಲಿ ಬರೆದದ್ದು: ರಸ್ತೆ ತುಂಬ ಸ್ಕೂಟರುಗಳು, ಹೊಳೆ ಬಂದ ಹಾಗೆ. ದಾಟುವವರು ನಿಲ್ಲಬಾರದು, ಓಡಬಾರದು, ಒಂದೇ ಸಮನೆ ನಡೆಯಬೇಕು, ಅವರೇ ಸರಿದು ಹೋಗುತ್ತಾರೆ ಎಂದು ಅವಧೂತ ಕಲಿಸಿದ. ಹೊಳೆಯ ಮೇಲೆ ಹಳದಿ ಘಟಸರ್ಪದ ಆಕಾರದ ಸೇತುವೆ. ಹಣ್ಣು ಮಾರುವ ಹೆಂಗಸರ ಹೆಗಲ ಮೇಲೆ ಅಡ್ಡೆ, ತಲೆಯ ಮೇಲೆ ಬುಟ್ಟಿಯಂಥ ಟೊಪ್ಪಿಗೆ. ಒಬ್ಬಳು ನನ್ನ ಕೈಗೆ ಮಾವಿನ ಹೋಳು ಇಟ್ಟು, ತಿನ್ನು ಎಂದು ಸನ್ನೆ ಮಾಡಿದಳು. ಅವ್ವನ ವಯಸ್ಸು. ಅವಳ ಕೂದಲು ಉದ್ದವಾಗಿತ್ತು.

ಎರಡನೆಯ ದಿನ ಗುಡ್ಡ. ಹಗ್ಗದ ಮೇಲೆ ತೇಲುವ ಗಾಜಿನ ಡಬ್ಬಿಯಲ್ಲಿ ಕೂತು ಕಾಡಿನ ಮೇಲೆ, ಜಲಪಾತದ ಮೇಲೆ, ಆಮೇಲೆ ಮೋಡದೊಳಗೆ ಹೋದೆವು. ಮೇಲೆ ಬಂಗಾರದ ಬಣ್ಣದ ಸೇತುವೆ. ಅದನ್ನು ಎರಡು ದೊಡ್ಡ ಕಲ್ಲಿನ ಕೈಗಳು ಹಿಡಿದ ಹಾಗೆ ಕಟ್ಟಿದ್ದಾರೆ. ಅಪ್ಪ ಮಂಕಿ ಟೋಪಿ ಹಾಕಿಕೊಂಡು ಸಣ್ಣ ಹುಡುಗನ ಹಾಗೆ ಕುಣಿಯುತ್ತಿದ್ದ.

"ಮನೂ, ಪನ್ಹಾಳಾದಕ್ಕಿಂತ ಎತ್ತರ ಐತಿ ನೋಡ! ಪನ್ಹಾಳಾ ಇದರ ಮುಂದ ಏನೂ ಅಲ್ಲ!"

ನಾನು ಆ ಕಲ್ಲಿನ ಬೆರಳುಗಳನ್ನೇ ನೋಡುತ್ತಿದ್ದೆ. ಅವು ಯಾವ ಕ್ಷಣದಲ್ಲಾದರೂ ಬಿಡಬಹುದು ಎನ್ನಿಸಿತು. ಅಂದು ಬೆಳಗ್ಗೆ ಅವ್ವ ಕೊಲ್ಹಾಪುರದಲ್ಲಿ ಆ ಮಷೀನಿನೊಳಗೆ ಮಲಗಿದ್ದಳು.

ಮೂರನೆಯ ದಿನ ಮುಂಜಾನೆ ಸಮುದ್ರದ ದಂಡೆ. ನನ್ನ ವಹಿಯಲ್ಲಿ ಅಂಟಿಸಿದ್ದ ಚಿತ್ರಗಳಿಗಿಂತ ಚಂದವಿತ್ತು. ಅಷ್ಟು ಚಂದದ್ದನ್ನು ನೋಡುತ್ತ ಎದೆ ಹೀಗೆ ಹಿಂಡುತ್ತದೆ ಎಂದು ಯಾವ ಚಿತ್ರದಲ್ಲೂ ಇರಲಿಲ್ಲ. ಉಸುಕು ಅವ್ವ ಜರಡಿ ಹಿಡಿದ ಗೋಧಿಹಿಟ್ಟಿನ ಹಾಗೆ ನುಣ್ಣಗೆ. ದುಂಡನೆಯ ಬಿದಿರಿನ ಬುಟ್ಟಿಗಳಲ್ಲಿ ಕೂತು ಮೀನುಗಾರರು ತೇಲುತ್ತಿದ್ದರು. ಪಾರೀಸ ಕಾಕಾ ಬನಿಯನ್ ಮೇಲೆ ನೀರಿಗಿಳಿದು, "ಭೂಪಾಲ, ಬಾರೋ, ನಮ್ಮ ಪಂಚಗಂಗಿಕಿಂತ ಸ್ವಚ್ಛ ಐತಿ!" ಎಂದು ಅಪ್ಪನನ್ನು ಕೂಗುತ್ತಿದ್ದರು.

ಅಪ್ಪನಿಗೆ ಫೋನು ಬಂತು. ಅವನು ಎದ್ದು ದೂರ ನಡೆದ. ಬೂಟು ಕಳಚಲಿಲ್ಲ. ತೆರೆ ಬಂದು ಅವನ ಪ್ಯಾಂಟು ಮೊಣಕಾಲವರೆಗೆ ತೊಯ್ದರೂ ಸರಿಯಲಿಲ್ಲ. ನಾನು ಎಣಿಸಿದೆ: ಏಳು ತೆರೆ. ಅವನು ತಿರುಗಿ ಬಂದಾಗ ಬೂಟಿನಿಂದ ನೀರು ಪಚಪಚ ಅನ್ನುತ್ತಿತ್ತು.

"ಅವ್ವನ ಫೋನೇನು?"

"ಹೂಂ. ಆರಾಮ ಅದಾಳ. ರಿಪೋರ್ಟು ನಾಳಿ ಕೊಡ್ತಾರಂತ."

ಅವನ ಕಣ್ಣು ಸಮುದ್ರದ ಕಡೆಗಿತ್ತು. ನನಗೆ ಗೊತ್ತಾಯಿತು. ಗೊತ್ತಾಗಿದೆ ಎಂದು ಒಪ್ಪಿಕೊಳ್ಳುವ ಧೈರ್ಯ ಬರಲಿಲ್ಲ. ಮನಸ್ಸಿನಲ್ಲಿ ಒಂದೇ ಮಾತು ಓಡುತ್ತಿತ್ತು: ಇನ್ನೂ ನಾಲ್ಕು ಗೆರೆ ಉಳಿದಿವೆ. ಇನ್ನೂ ನಾಲ್ಕು ಉಳಿದಿವೆ.

ಮಧ್ಯಾಹ್ನ ಅಮೃತಶಿಲೆಯ ಗುಡ್ಡಗಳಿಗೆ ಕರೆದೊಯ್ದರು. ಅಲ್ಲೊಂದು ಗುಹೆ. ಮೇಲೆ ಬೆಳಕಿನ ಕಿಂಡಿ, ಕೆಳಗೆ ನರಕ ಎಂದು ಅವಧೂತ ಹೇಳಿದ. ಪಾಪ ಮಾಡಿದವರ ಶಿಕ್ಷೆಯ ಮೂರ್ತಿಗಳಿವೆಯಂತೆ. ಪಾರೀಸ ಕಾಕಾ, "ನಮ್ಮ ಏಳು ನರಕ ಪಾಠ ಆಗ್ಯಾವ, ಇವರದೂ ಒಂದು ನೋಡಿ ಬಿಡೂಣು" ಎಂದು ಇಳಿದರು. ಅಪ್ಪ ಹಿಂದೆ ಇಳಿದ. ನಾನು ಎಣಿಸುತ್ತ ಇಳಿದೆ. ಕಲ್ಲು ತೇವವಾಗಿತ್ತು, ಊದಿನಕಡ್ಡಿಯ ಹೊಗೆ ಮುಚ್ಚಿತ್ತು. ಮೂವತ್ತು. ಮೂವತ್ತೊಂದು. ಮೂವತ್ತೆರಡು.

ನಿಂತೆ. ಮುಂದೆ ಇನ್ನೂ ಮೆಟ್ಟಿಲಿದ್ದವು.

ಎಲ್ಲರೂ ಆಚೆಯ ದಾರಿಯಿಂದ ಮೇಲೆ ಹೋದರು. ಕಾಕಾನ ನಗು ದೂರವಾಯಿತು. ಕೆಳಗೆ ಅಪ್ಪ ಒಬ್ಬನೇ ಉಳಿದ. ಅವನು ಒಂದು ಮೂರ್ತಿಯ ಹಿಂದೆ ಹೋಗಿ, ಗೋಡೆಗೆ ಹಣೆ ಹಚ್ಚಿ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಭುಜ ಅಲುಗತೊಡಗಿದವು. ಆಮೇಲೆ ನೆಲದ ಮೇಲೆ ಕೂತುಬಿಟ್ಟ. ನನ್ನ ಅಪ್ಪ ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಅವ್ವನ ಆಪರೇಷನ್ ದಿನವೂ ಅವನು ಅತ್ತಿರಲಿಲ್ಲ.

ಅವನ ಮತ್ತು ನನ್ನ ನಡುವೆ ಒಂಬತ್ತು ಹತ್ತು ಮೆಟ್ಟಿಲು.

ಬಲಗಾಲು ಎತ್ತಿದೆ. ಇಟ್ಟರೆ ಕೆಳಗಿನ ಗೆರೆಯೂ ಹೋಯಿತು, ಮೂರೇ ಉಳಿದವು. ಕಾಲು ಹಿಂದಕ್ಕೆ ಬಂತು. ಮತ್ತೆ ಎತ್ತಿದೆ. ಮತ್ತೆ ಹಿಂದಕ್ಕೆ ಬಂತು. ಅಪ್ಪ ಕತ್ತೆತ್ತಿದಾಗ ನಾನು ಮೇಲೆ ನಿಂತಿದ್ದೆ, ಗೋಡೆ ಹಿಡಿದು. ಅವನು ನನ್ನನ್ನು ನೋಡಿದ. ನಾನು ಬರುತ್ತೇನೆಂದು ಸ್ವಲ್ಪ ಹೊತ್ತು ಕಾದ. ನಾನು ಬರಲಿಲ್ಲ.

ಅವನೇ ಎದ್ದು, ಮುಖ ಒರೆಸಿಕೊಂಡು, ಮೇಲೆ ಬಂದ. "ಒಳಗ ಭಾಳ ಹೊಗಿ ಐತಿ" ಎಂದು ನನ್ನನ್ನು ದಾಟಿ ಹೋದ.

ಆ ದಿನದ ಪುಟದಲ್ಲಿ ಬರೆದದ್ದು ಒಂದೇ ಸಾಲು: ಕೆಳಗಿನದನ್ನು ಉಳಿಸಿದೆ.

ಉಳಿಸಿದ್ದು ಯಾವುದಕ್ಕೂ ಉಪಯೋಗವಾಗಲಿಲ್ಲ. ಗಂಟು ಈ ಸಲ ಬೆನ್ನೆಲುಬಿಗೆ ಇಳಿದಿತ್ತು. ವಾಪಸು ಬಂದ ಐದನೆಯ ದಿನ ಅವ್ವ ಮತ್ತೆ ಕೊಲ್ಹಾಪುರದ ಆಸ್ಪತ್ರೆಯ ಹಾಸಿಗೆಯಲ್ಲಿದ್ದಳು. ನಾನು ಮೂರು ದಿನ ಊಟ ಮಾಡಲಿಲ್ಲ. ಅವ್ವ ಅದನ್ನು ಟೂರಿನ ದಣಿವು ಎಂದುಕೊಂಡಳು. ಅಪ್ಪ ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಿದ್ದ: ಫೈಲು ಎಲ್ಲಿ, ನೀರು ಕಾಸಿದೆಯೇನು. ನಾನು ಬಾಯಿ ತೆರೆಯಲು ಹೋದಾಗಲೆಲ್ಲ ಅವನು ಅಂಗಡಿಯ ಫೋನು ಎತ್ತಿಕೊಳ್ಳುತ್ತಿದ್ದ.

ಸಲಾಯಿನ್ ಏರುವ ದಿನ ಅವ್ವ, "ಓದು" ಎನ್ನುತ್ತಿದ್ದಳು. ನಾನು ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತು ಡೈರಿ ಓದುತ್ತಿದ್ದೆ. ಗೆರೆಗಳ ಮಾತು ಬಂದಲ್ಲಿ ಬಿಟ್ಟು ಓದುತ್ತಿದ್ದೆ. ಮೊದಲ ಸಲ ಪೇಟೆ ಓದಿದೆ, ಮಾವಿನ ಹೋಳು ಕೊಟ್ಟವಳ ಮಾತು ಬಂದಾಗ, "ಉಪ್ಪು ಕಾರ ಹಚ್ಚಿ ಕೊಟ್ಟಳೇನು?" ಎಂದು ಕೇಳಿದಳು. ಪಾರೀಸ ಕಾಕಾನ ಎಮ್ಮೆಗಳ ಕತೆಗೆ ನಕ್ಕು ನಕ್ಕು ಕೈಯ ಸೂಜಿ ಅಲುಗಿ ನರ್ಸಿನಿಂದ ಬೈಸಿಕೊಂಡಳು. ಎರಡನೆಯ ಸಲ ಗುಡ್ಡ, ಸಮುದ್ರ. ಕಣ್ಣು ಮುಚ್ಚಿಕೊಂಡು ಕೇಳಿದಳು. "ಉಸುಕು ಗೋದಿಹಿಟ್ಟಿನಂಗ ಅಂದ್ರ ಕಾಲಿಗೆ ತಣ್ಣಗ ಇತ್ತೋ, ಬೆಚ್ಚಗ ಇತ್ತೋ? ಅದನ್ನ ಬರದಿಲ್ಲಲ್ಲ."

ಮೂರನೆಯ ಸಲ ಅವಳ ಕೂದಲು ಮತ್ತೆ ಹೋಗಿತ್ತು. ನಾನು ಸಮುದ್ರವನ್ನೇ ಮತ್ತೊಮ್ಮೆ ಓದತೊಡಗಿದೆ.

"ಅದು ಆಗೇತಿ. ಗುಹೆ ಓದು."

"ಗುಹೆ ಬರದಿಲ್ಲ, ಅವ್ವ."

"ನಿಮ್ಮ ಅಪ್ಪ ಹೇಳ್ಯಾನ." ಅವಳು ಕಣ್ಣು ತೆರೆದಳು. "ನಾ ಕೆಳಗ ಕುಂತು ಅಳಾಕತ್ತಿದ್ದೆ, ಹುಡುಗಿ ಮ್ಯಾಲ ನಿಂತು ನೋಡಿತು, ಇಳದು ಬರ್ಲಿಲ್ಲ ಅಂತ. ಹೇಳೂಮುಂದ ಮತ್ತ ಅತ್ತಾ. ಯಾಕ ಇಳೀಲಿಲ್ಲ, ಮನೂ? ಅಂವಾ ನಿನಗೇನ ಮಾಡಿದ್ದಾ?"

ಸಲಾಯಿನ್ ಒಂದೊಂದೇ ಹನಿ ಬೀಳುತ್ತಿತ್ತು. ನಾನು ಹಳೆಯ ಡೈರಿಯನ್ನೂ ಚೀಲದಲ್ಲಿಟ್ಟುಕೊಂಡು ತಿರುಗುತ್ತಿದ್ದೆ. ತೆಗೆದು ಆ ಆರು ಸಾಲು ಓದಿದೆ. ಹೊಡೆದು ಹಾಕಿದ್ದನ್ನೂ ಓದಿದೆ, ತಿದ್ದಿದ್ದನ್ನೂ ಓದಿದೆ. ಎಲ್ಲವನ್ನೂ ಹೇಳಿದೆ: ದುರ್ಗವ್ವ ಮಾವಶಿಯ ಮಾತು, ಮಹಾರಾಜರು ಕೊಟ್ಟ ನಿಯಮ, ಹೈದರಾಬಾದು, ಹೊಟ್ಟೆನೋವು, ಜೋಳದ ಡಬ್ಬಿ, ವಿಮಾನದ ಎರಡು ಮೂರು ನಿಮಿಷ, ಮೂವತ್ತೆರಡನೆಯ ಮೆಟ್ಟಿಲು. "ನಾ ಗೆರಿ ದಾಟಿದ್ದಕ್ಕ ಇದು ತಿರುಗಿ ಬಂತವ್ವ" ಎಂದೆ. "ನಾನ ತಂದೆ ಇದನ್ನ."

ಅವ್ವ ಕೈ ಚಾಚಿ ಡೈರಿಯನ್ನು ಮುಚ್ಚಿದಳು.

"ಮಹಾರಾಜರು ಎಷ್ಟ್ ದಿನಕ್ಕ ಕೊಟ್ಟಿದ್ರು?"

"ಒಂದು ವರ್ಷ."

"ಹಂಗಾರ ಅದು ಮುಗದು ಎರಡು ವರ್ಷ ಆತು. ಮುಗದ ನಿಯಮಾ ಹೆಂಗ ಮುರದಿ?" ಅವಳ ದನಿ ಏರಿತು. ಪಕ್ಕದ ಹಾಸಿಗೆಯವರು ತಿರುಗಿ ನೋಡಿದರು. "ನಿಯಮಾ ಅಂದ್ರ ಹರಕಿ ಏನು? ದುರ್ಗವ್ವಂದು ದುರ್ಗವ್ವಗ ಸರಿ, ಆಕಿ ದೇವ್ರು ಆಕಿ ಸಂಗಾಟ ಮಾತಾಡ್ತಾನ. ನಮ್ಮಲ್ಲಿ ನೀ ಉಪವಾಸ ಮಾಡಿದ್ರ ನನ್ನ ಹೊಟ್ಟಿ ಹಗರ ಆಗ್ತದೇನು? ನೀ ಕಟಗೊಂಡ ಕರ್ಮಾ ನಿನಗ, ನಂದು ನನಗ. ಸಣ್ಣಾಕಿದ್ದಾಗಿಂದ ಬಸದಿ ಪಾಠಶಾಲಿಗೆ ಕಳಿಸಿದ್ದು ಇದಕ್ಕೇನ?"

"ಹೇಳಿದ್ರ ಮುಗೀತದ ಅಂದಿದ್ದಳು ದುರ್ಗವ್ವ ಮಾವಶಿ."

"ಮೂರು ವರ್ಷ!" ಅವ್ವ ಈಗ ಅಳುತ್ತಿದ್ದಳು, ಹುಬ್ಬಿಲ್ಲದ ಮುಖ ಸಣ್ಣ ಕೂಸಿನ ಹಾಗೆ ಕೆಂಪಾಗಿತ್ತು. "ಮೂರು ವರ್ಷ ನಾ ಏನ ತಿಳಕೊಂಡೆ ಗೊತ್ತೇನು? ನನ್ನ ಬ್ಯಾನಿ ನೋಡಿ ನೋಡಿ ಹುಡುಗಿ ಪುಕ್ಕಲಿ ಆಗ್ಯಾಳ, ನಾ ಸತ್ತರ ಹೆಂಗ ಬಾಳ್ವೆ ಮಾಡ್ತಾಳ ಅಂತ. ಅದಕ್ಕ ಜಬರದಸ್ತಿ ಕಳಿಸಿದ್ದೆ ನಿನ್ನ. ಒಮ್ಮೆರ ಒಬ್ಬಾಕಿ ದೂರ ಹೋಗಿ ಬರಲಿ ಅಂತ. ನೀ ಅಲ್ಲಿ ಹೋಗಿ ಮೆಟ್ಟಲ ಎಣಿಸ್ಕೋತ ನಿಂತಿದ್ದಿ."

ನಾನು ಅವಳ ಕೈ ಹಿಡಿಯಲು ಹೋದೆ. ಅವಳು ಕೊಸರಿಕೊಂಡಳು. ಆಮೇಲೆ ತಾನೇ ಕೊಟ್ಟಳು.

"ಅಪ್ಪ ಅಳೂಮುಂದ ಇಳದು ಹೋಗಬೇಕಿತ್ತು" ಎಂದಳು ಮೆಲ್ಲಗೆ. "ಅಷ್ಟ. ಬಾಕಿದ್ದು ಏನೂ ಇಲ್ಲ."

ಅಂದು ಸಂಜೆ ಊಟದ ಡಬ್ಬಿ ತಂದ ಅಪ್ಪನಿಗೆ ಅವ್ವನೇ ಹೇಳಿದಳು. ನಾನು ಬಾಗಿಲ ಹೊರಗೆ ನಿಂತಿದ್ದೆ. ಅವನು ಹೊರಗೆ ಬಂದು ನನ್ನ ತಲೆಯ ಮೇಲೆ ಕೈಯಿಟ್ಟ. ಅವನ ಕೈಗೆ ಬೀಜಕ್ಕೆ ಹಚ್ಚುವ ಔಷಧಿಯ ವಾಸನೆಯಿತ್ತು.

ಇಷ್ಟಾದ ಮೇಲೆ ನನ್ನ ಹೆದರಿಕೆ ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅವ್ವ ಹೇಳಿದ್ದು ಸರಿ ಎಂದು ತಲೆಗೆ ಗೊತ್ತು. ಆದರೆ ಆ ರಾತ್ರಿಯೇ ನಾನು ಉಳಿದ ನಾಲ್ಕು ಗೆರೆಗಳನ್ನು ಮತ್ತೆ ಎಣಿಸಿದೆ. ಪಶ್ಚಿಮ, ಉತ್ತರ, ದಕ್ಷಿಣ, ಕೆಳಗೆ. ಅವಾದರೂ ಇರಲಿ. ಗೆರೆಯಿಲ್ಲದಿದ್ದರೆ ನನ್ನ ಕೈಯಲ್ಲಿ ಅವ್ವನಿಗಾಗಿ ಮಾಡಲು ಏನಿದೆ? ನೀರು ಕಾಸುವುದು. ಫೈಲು ಹಿಡಿಯುವುದು. ಅದರಿಂದ ಯಾರೂ ಬದುಕಿದ್ದನ್ನು ನಾನು ನೋಡಿಲ್ಲ.

ಮರುವಾರ ಬೆನ್ನಿಗೆ ಕಿರಣ ಕೊಡುವುದು ಶುರುವಾಯಿತು. ಆ ಕೋಣೆ ಆಸ್ಪತ್ರೆಯ ನೆಲದ ಕೆಳಗಿದೆ. ಅವ್ವನನ್ನು ಗಾಲಿ ಕುರ್ಚಿಯಲ್ಲಿ ಕೂರಿಸಿ ಲಿಫ್ಟಿನಲ್ಲಿ ಇಳಿಸಿದರು. ಫೈಲು ಮೇಲೆ ವಾರ್ಡಿನಲ್ಲೇ ಮರೆತಿತ್ತು; ನಾನು ಲಿಫ್ಟು ಹತ್ತದೆ ಓಡಿ ಹೋಗಿ ತಂದೆ. ಅಷ್ಟರಲ್ಲಿ ಲಿಫ್ಟು ಇನ್ನೊಬ್ಬ ಪೇಶಂಟನ್ನು ಹೊತ್ತು ಹೋಗಿತ್ತು. ಮೆಟ್ಟಿಲು ಹಿಡಿದೆ.

ಎಣಿಸಬಾರದು ಎಂದುಕೊಂಡೇ ಎಣಿಸಿದೆ. ಹದಿನೆಂಟಕ್ಕೆ ತಿರುವು. ಗೋಡೆಯಿಂದ ತಣ್ಣನೆಯ ಔಷಧಿಯ ಗಾಳಿ. ಇಪ್ಪತ್ತೈದು. ಮೂವತ್ತು. ಮೂವತ್ತೆರಡು. ಕಾಲು ತಾನಾಗಿ ನಿಂತಿತು. ಮುಂದೆ ನಾಲ್ಕು ಮೆಟ್ಟಿಲು, ಆಮೇಲೆ ಟ್ಯೂಬಲೈಟಿನ ಓಣಿ. ಓಣಿಯ ಕೊನೆಗೆ ಅವ್ವನ ಗಾಲಿ ಕುರ್ಚಿ, ನನಗೆ ಬೆನ್ನು ಮಾಡಿ. ತೆಳ್ಳಗಿನ ಹಸಿರು ಅಂಗಿ. ಪಕ್ಕದಲ್ಲಿ ಯಾರೂ ಇರಲಿಲ್ಲ. ಅವಳ ಮುಂದೆ ಒಂದು ದಪ್ಪ ಕಬ್ಬಿಣದ ಬಾಗಿಲು.

"ಮನೂ?" ಎಂದಳು, ತಿರುಗದೆ. ನನ್ನ ಚಪ್ಪಲಿಯ ಸಪ್ಪಳ ನಿಂತದ್ದು ಅವಳಿಗೆ ಕೇಳಿಸಿರಬೇಕು. ಅವಳ ದನಿಯಲ್ಲಿ ಹೆದರಿಕೆಯಿತ್ತು. ಆಪರೇಷನ್ನಿಗೂ ನಗುತ್ತ ಹೋದವಳು. "ಮನೂ, ಅದಿಯೇನು? ನನ್ನ ಕಾಲ ಭಾಳ ತಣ್ಣಗಾಗ್ಯಾವ. ಬಾ, ಹಿಡಕೋ."

ಇಳಿದರೆ ಅವ್ವ ಹೋಗುತ್ತಾಳೆ ಎಂದು ಆ ಕ್ಷಣದಲ್ಲೂ ನಾನು ನಂಬಿದ್ದೆ. ಪೂರ್ತಿ ನಂಬಿದ್ದೆ. ಫೈಲನ್ನು ಎದೆಗೆ ಅವುಚಿಕೊಂಡು, ಅವಳ ಜೀವದ ಮೇಲೆಯೇ ಕಾಲಿಡುತ್ತಿದ್ದೇನೆ ಎಂದುಕೊಂಡೇ, ಮೂವತ್ತಮೂರನೆಯದರ ಮೇಲೆ ಕಾಲಿಟ್ಟೆ. ಉಳಿದ ಮೂರನ್ನು ಎಣಿಸಲಿಲ್ಲ.

ಅವಳ ಮುಂದೆ ನೆಲದ ಮೇಲೆ ಕೂತು ಎರಡೂ ಪಾದಗಳನ್ನು ಕೈಯಲ್ಲಿ ಹಿಡಿದೆ. ಮಂಜುಗಡ್ಡೆಯ ಹಾಗಿದ್ದವು. ಉಜ್ಜತೊಡಗಿದೆ.

"ಬೆಚ್ಚಗ ಇತ್ತವ್ವ" ಎಂದೆ.

"ಏನು?"

"ಉಸುಕು. ಮ್ಯಾಲ ಬೆಚ್ಚಗ ಇತ್ತು. ಹೆಜ್ಜಿ ಇಟ್ಟರ ಒಳಗ ತಣ್ಣಗ."

ಅವಳು ನನ್ನ ತಲೆಗೂದಲಲ್ಲಿ ಬೆರಳು ಹಾಕಿದಳು. ಕಬ್ಬಿಣದ ಬಾಗಿಲು ತೆರೆದು ಯಾರೋ, "ಶಾಲನ ಭೂಪಾಲ" ಎಂದು ಅವ್ವನ ಹೆಸರು ಕರೆಯುವವರೆಗೆ ನಾನು ಉಜ್ಜುತ್ತಲೇ ಇದ್ದೆ.